ಓದುಗರ ಪ್ರಶ್ನೆ, ನಮ್ಮ ಉತ್ತರ: ಶುಗರ್ ಇದೆ ಎಂದು ಬರೆದುಕೊಟ್ಟವರ ಪರ ನಿಂತ ತೀರ್ಪು

ಯುನೈಟೆಡ್ ಇಂಡಿಯಾ ವಿಮಾ ಕಂಪನಿಯ ವಿರುದ್ಧ ಮನಮೋಹನ್ ನಂದಾ ನಡೆಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 6ರಂದು ಕೊಟ್ಟ ತೀರ್ಪಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಬಿ.ವಿ. ನಾಗರತ್ನ ಅವರ ಪೀಠದ ತೀರ್ಪು ಅದು. ಅಮೆರಿಕಕ್ಕೆ ಹೊರಟಿದ್ದ ನಂದಾ ಅವರು 2009ರಲ್ಲಿ ಪ್ರಯಾಣದ ಮೆಡಿಕ್ಲೈಮ್ ಮಾಡಿಸಿದ್ದರು, ಡಯಾಬಿಟಿಸ್ ಇದೆ ಎಂದು ಫಾರಂನಲ್ಲಿ ತಿಳಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಮಾನ ಇಳಿಯುತ್ತಲೇ ಹೃದಯಾಘಾತವಾಗಿ ಮೂರು ಸ್ಟೆಂಟ್ ಹಾಕಬೇಕಾಯಿತು. ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ಹೇಳಿಲ್ಲ, ಇದು ಹಳೇ ಕಾಯಿಲೆಯ ಫಲ ಎಂದು ಕಂಪನಿ ಕ್ಲೈಮ್ ತಳ್ಳಿಹಾಕಿತು. ಕಾಯಿಲೆ ಇದೆ ಎಂದು ತಿಳಿದೂ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆ ತೋರಿಸಿ ಹಣ ನಿರಾಕರಿಸುವಂತಿಲ್ಲ ಎಂದು ಕೋರ್ಟ್ ಹೇಳಿತು.

ಇದಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಸಂತೋಷವೂ ಇದೆ, ಸಿಟ್ಟೂ ಇದೆ. ಸಾಕಷ್ಟು ತಪ್ಪು ತಿಳಿವಳಿಕೆಯೂ ಇದೆ. ಹೆಚ್ಚು ಜನರಿಗೆ ಉಪಯೋಗವಾಗುವ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಹಳೇ ಕಾಯಿಲೆ ಅಂತ ಕ್ಲೈಮ್ ತಳ್ಳಿಹಾಕುವ ಹಾಗಿಲ್ಲ ಅಂತ ವಾಟ್ಸಾಪಿನಲ್ಲಿ ಓಡಾಡ್ತಿದೆ. ಹಾಗಿದ್ದ ಮೇಲೆ ಶುಗರ್ ವಿಷಯ ಬರೆಯೋದ್ಯಾಕೆ, ಬರೆದರೆ ಪ್ರೀಮಿಯಂ ಜಾಸ್ತಿ ಆಗುತ್ತೆ ಅಂತಾರೆ ನಮ್ಮ ಏಜೆಂಟ್. ಸರಿಯೇ?
— ಕಿರಾಣಿ ವ್ಯಾಪಾರಿ, ತುಮಕೂರು

ಖಂಡಿತ ಸರಿಯಲ್ಲ. ಆ ಏಜೆಂಟರ ಮಾತು ಕೇಳಿದರೆ ಈ ತೀರ್ಪು ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಕೋರ್ಟ್ ರಕ್ಷಣೆ ಕೊಟ್ಟಿರುವುದು ಹೇಳಿದವರಿಗೆ, ಮುಚ್ಚಿಟ್ಟವರಿಗಲ್ಲ. ಸತ್ವಂತ್ ಕೌರ್ ಸಂಧು ಮೊಕದ್ದಮೆಯಲ್ಲಿ (2009) ಪಾಲಿಸಿದಾರರು ಕಿಡ್ನಿ ತೊಂದರೆಯನ್ನು ಫಾರಂನಲ್ಲಿ ತಿಳಿಸಿರಲಿಲ್ಲ. ಅಲ್ಲಿ ಇದೇ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಒಂದು ವಿಷಯ ಸ್ಪಷ್ಟ: ಮೊಕದ್ದಮೆ ಗೆಲ್ಲುವುದೂ ಸೋಲುವುದೂ ಪ್ರಪೋಸಲ್ ಫಾರಂ, ಅಂದರೆ ಪಾಲಿಸಿ ಕೇಳುವ ಅರ್ಜಿ, ತುಂಬುವ ಹೊತ್ತಿನಲ್ಲೇ.

ಬರೆಯುವುದೂ ಬರೀ "ಶುಗರ್ ಇದೆ" ಎಂದಲ್ಲ. "ಟೈಪ್ 2 ಡಯಾಬಿಟಿಸ್, 2022ರ ಮಾರ್ಚ್‌ನಿಂದ, ಮೆಟ್‌ಫಾರ್ಮಿನ್ 500, ದಿನಕ್ಕೆ ಎರಡು" ಎನ್ನುವಷ್ಟು ವಿವರ ಬೇಕು. ಬಿಪಿ, ಥೈರಾಯ್ಡ್, ಕೊಲೆಸ್ಟ್ರಾಲ್ ಮಾತ್ರೆ ಇದ್ದರೆ ಒಂದೊಂದಕ್ಕೂ ಬೇರೆ ಸಾಲು. ಹಿಂದೆ ಆದ ಆಪರೇಷನ್, ಆಸ್ಪತ್ರೆಗೆ ಸೇರಿದ ವರ್ಷ, ಬೇರೆ ಕಂಪನಿ ಪಾಲಿಸಿ ನಿರಾಕರಿಸಿದ್ದರೆ ಅದು, ಎಲ್ಲವೂ ಇರಲಿ. ಕೇಳಿದ ಪ್ರಶ್ನೆಯ ಜಾಗವನ್ನು ಖಾಲಿ ಬಿಟ್ಟಿದ್ದರೂ ಕಂಪನಿ ವಿಚಾರಿಸದೆ ಪ್ರೀಮಿಯಂ ತೆಗೆದುಕೊಂಡರೆ, ಆಮೇಲೆ "ಮುಚ್ಚಿಟ್ಟಿರಿ" ಎನ್ನುವ ಹಾಗಿಲ್ಲ ಎಂದೂ ಕೋರ್ಟ್ ಹೇಳಿದೆ. ಆದರೆ ಅದನ್ನೇ ನಂಬಿ ಖಾಲಿ ಬಿಡಬೇಡಿ. ಆನ್‌ಲೈನ್ ಫಾರಂನಲ್ಲಿ ಖಾಲಿ ಜಾಗವೇ ಇರುವುದಿಲ್ಲ, "ಇಲ್ಲ" ಎಂಬುದೇ ಮೊದಲೇ ಒತ್ತಿದ ಹಾಗೆ ಇರಬಹುದು.

ಈಗ ಹೆಚ್ಚಿನ ಎಡವಟ್ಟು ಆಗುತ್ತಿರುವುದು ಇಲ್ಲಿಯೇ. ಏಜೆಂಟ್ ತಮ್ಮ ಮೊಬೈಲಿನಲ್ಲಿ ಪಟಪಟನೆ ತುಂಬುತ್ತಾರೆ, ನಿಮಗೆ ಓಟಿಪಿ ಬರುತ್ತದೆ, ನೀವು ಹೇಳುತ್ತೀರಿ. ಓಟಿಪಿ ಕೊಟ್ಟರೆ ರುಜು ಹಾಕಿದಂತೆಯೇ. ಓಟಿಪಿ ಹೇಳುವ ಮುಂಚೆ ಆರೋಗ್ಯದ ಪ್ರಶ್ನೆಗಳ ಪುಟ ತೋರಿಸಿ ಎಂದು ಕೇಳಿ. ಇಂಗ್ಲಿಷ್ ಬಾರದಿದ್ದರೆ, ತಿಳಿಯುವ ಭಾಷೆಯಲ್ಲಿ ವಿವರಿಸಿದ್ದೇನೆ ಎಂದು ತುಂಬಿದವರು ರುಜು ಮಾಡುವ ಜಾಗ ಫಾರಂನಲ್ಲೇ ಇರುತ್ತದೆ, ಅದನ್ನು ಮಾಡಿಸಿ. ಪಾಲಿಸಿ ಕೈಗೆ ಬಂದ ದಿನವೇ ಜೊತೆಗಿರುವ ಪ್ರಪೋಸಲ್ ಪ್ರತಿಯನ್ನು ಓದಿಸಿ. ತಪ್ಪಿದ್ದರೆ ಕಂಪನಿಗೆ ಇ-ಮೇಲ್ ಮಾಡಿ ಸರಿಪಡಿಸಿಕೊಳ್ಳಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಪಾಲಿಸಿ ಹಿಂತಿರುಗಿಸಬಹುದು.

ಕಾಯಿಲೆ ಹೇಳಿದರೆ ಪ್ರೀಮಿಯಂ ಸ್ವಲ್ಪ ಏರಬಹುದು, ಆ ಕಾಯಿಲೆಗೆ ಕಾಯುವ ಅವಧಿಯೂ ಇರುತ್ತದೆ, ಅಲ್ಲಿಯವರೆಗೆ ಅದರ ಚಿಕಿತ್ಸೆಗೆ ಹಣ ಸಿಗುವುದಿಲ್ಲ. ಈ ಅವಧಿ ಈಗ ಗರಿಷ್ಠ 36 ತಿಂಗಳು. ಈ ಅವಧಿಯನ್ನು ತೀರ್ಪು ಅಳಿಸಿಹಾಕಿಲ್ಲ, ವಾಟ್ಸಾಪ್ ಸಂದೇಶದಲ್ಲಿ ಬಿಟ್ಟುಹೋಗಿರುವ ಮುಖ್ಯ ಮಾತು ಇದು. ಆದರೆ ಅಷ್ಟರಲ್ಲಿ ಅಪಘಾತವಾದರೆ ಮೊದಲ ದಿನದಿಂದಲೇ ಹಣ ಸಿಗುತ್ತದೆ. ಡೆಂಗಿ, ಅಪೆಂಡಿಕ್ಸ್‌ನಂಥ ಹೊಸ ಕಾಯಿಲೆಗೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ.

ಈಗಾಗಲೇ ಮುಚ್ಚಿಟ್ಟಿರುವವರೂ ಕೆಲವರು ಬರೆದಿದ್ದಾರೆ. ಅವರಿಗೂ ನಮ್ಮ ಸಲಹೆ ಒಂದೇ: ಈಗಲೇ ಬರೆದು ತಿಳಿಸಿ. ಕಂಪನಿ ಪ್ರೀಮಿಯಂ ಏರಿಸಬಹುದು, ಕಾಯುವ ಅವಧಿ ಹೇರಬಹುದು, ಪಾಲಿಸಿ ರದ್ದು ಮಾಡುವ ಅಪಾಯವೂ ಇದೆ. ಆದರೂ ಐಸಿಯು ಬಾಗಿಲಲ್ಲಿ ನಿಂತಾಗ ಗೊತ್ತಾಗುವುದಕ್ಕಿಂತ ಇದು ಲೇಸು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ಮೋಸ ಎಂದು ಸಾಬೀತಾದರೆ ಬಿಟ್ಟು, ಮುಚ್ಚಿಟ್ಟ ಕಾರಣಕ್ಕೆ ಕ್ಲೈಮ್ ನಿರಾಕರಿಸುವಂತಿಲ್ಲ. 2024ರ ಏಪ್ರಿಲ್‌ಗೆ ಮುಂಚೆ ಇದು ಎಂಟು ವರ್ಷ ಇತ್ತು. ನಡುವೆ ವಿಮಾ ಮೊತ್ತ ಏರಿಸಿದ್ದರೆ ಏರಿಸಿದ ಭಾಗಕ್ಕೆ ಲೆಕ್ಕ ಹೊಸದಾಗಿ ಶುರು. "ಮೂರು ವರ್ಷ ಆದರೆ ಸಾಕು" ಎಂದು ಏಜೆಂಟರು ಹೇಳುವುದು ಜೀವ ವಿಮೆಯ ನಿಯಮ. ಎರಡನ್ನೂ ಬೆರೆಸಬೇಡಿ.

ನಮ್ಮ ತಂದೆಯವರಿಗೆ ಶುಗರ್ ಪತ್ತೆಯಾಗಿದ್ದು ಪಾಲಿಸಿ ಮಾಡಿಸಿದ ಮೇಲೆ. ಆದರೆ ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಹತ್ತು ವರ್ಷದಿಂದ ಇದೆ ಅಂತ ಬರೆದಿದ್ದಾರೆ. ಕ್ಲೈಮ್ ರಿಜೆಕ್ಟ್ ಆಗಿದೆ. ತೀರ್ಪು ನಮಗೆ ಅನ್ವಯಿಸುತ್ತದೆಯೇ?
— ರೇಷ್ಮೆ ಬೆಳೆಗಾರರ ಮಗ, ಶಿಡ್ಲಘಟ್ಟ

ಇಂಥ ಪತ್ರಗಳೇ ಅತಿ ಹೆಚ್ಚು. ಆ ಸಾಲು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ತುರ್ತು ವಿಭಾಗದಲ್ಲಿ ಡ್ಯೂಟಿ ಡಾಕ್ಟರ್ "ಶುಗರ್ ಎಷ್ಟು ವರ್ಷದಿಂದ?" ಎಂದು ಕೇಳುತ್ತಾರೆ. ಗಾಬರಿಯಲ್ಲಿದ್ದ ನೆಂಟರು ಯಾರೋ "ಒಂದು ಹತ್ತು ವರ್ಷ ಇರಬಹುದು ಸಾರ್" ಎನ್ನುತ್ತಾರೆ. ಕೇಸ್ ಶೀಟಿನಲ್ಲಿ "ಕೆ/ಸಿ/ಓ ಡಿಎಂ, 10 ವರ್ಷ" (ಡಯಾಬಿಟಿಸ್ ಇರುವುದು ಗೊತ್ತಿರುವ ರೋಗಿ, 10 ವರ್ಷದಿಂದ) ಎಂದು ಬೀಳುತ್ತದೆ. ಡಿಸ್‌ಚಾರ್ಜ್ ದಿನ ಅದೇ ಸಾಲು ಸಮ್ಮರಿಗೆ ನಕಲಾಗುತ್ತದೆ. ಕಂಪನಿಯ ಪರವಾಗಿ ಕ್ಲೈಮ್ ಪರಿಶೀಲಿಸುವ ಟಿಪಿಎ ಕಚೇರಿಯಲ್ಲಿ ಕುಳಿತವರು ಮೊದಲು ಹುಡುಕುವುದು ಈ ಸಾಲನ್ನೇ.

ನಿಮ್ಮ ಪರಿಸ್ಥಿತಿ ನಂದಾ ಮೊಕದ್ದಮೆಗಿಂತ ಬೇರೆ, ಏಕೆಂದರೆ ಹೇಳಲು ಆಗ ಕಾಯಿಲೆಯೇ ಇರಲಿಲ್ಲ. ನಿಮಗೆ ಆಧಾರವಾಗುವುದು ಇನ್ನೊಂದು ತತ್ವ: ಮುಚ್ಚಿಟ್ಟಿದ್ದಾರೆ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದು. 2024ರಲ್ಲಿ ಮಹಾಕಾಳಿ ಸುಜಾತಾ ಮೊಕದ್ದಮೆಯಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿದೆ. ಅದು ಜೀವ ವಿಮೆಯ ಮೊಕದ್ದಮೆಯಾದರೂ ತತ್ವ ಇದಕ್ಕೂ ಸಲ್ಲುತ್ತದೆ.

ಮೊದಲು ಶುಗರ್ ಪತ್ತೆಯಾದ ದಿನದ ಲ್ಯಾಬ್ ರಿಪೋರ್ಟ್ ಹುಡುಕಿ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.5 ಅಥವಾ ಅದಕ್ಕಿಂತ ಮೇಲೆ ಬಂದ ಮೊದಲ ರಿಪೋರ್ಟ್ ಇದ್ದರೆ ಬಹಳ ಒಳ್ಳೆಯದು. ಅದಕ್ಕೆ ಹಿಂದಿನ, ಶುಗರ್ ಸಾಮಾನ್ಯವಾಗಿದ್ದ ರಿಪೋರ್ಟ್ ಸಿಕ್ಕರೆ ಅದು ಇನ್ನೂ ಗಟ್ಟಿ ಸಾಕ್ಷಿ. ಮೊದಲ ಔಷಧಿ ಚೀಟಿಯನ್ನೂ ಜೋಡಿಸಿ. ಇವನ್ನು ಹಿಡಿದು ಚಿಕಿತ್ಸೆ ಕೊಟ್ಟ ವೈದ್ಯರ ಬಳಿ ಹೋಗಿ. ಹಳೇ ಸಮ್ಮರಿಯನ್ನು ತಿದ್ದಲು ಕೇಳಬೇಡಿ. ಅದು ತಪ್ಪು, ತಿದ್ದಿದ ಕಾಗದ ನಿಮಗೇ ಮುಳುವಾಗುತ್ತದೆ. "ಅವಧಿಯ ವಿವರ ಸಂಬಂಧಿಕರು ಬಾಯಿಮಾತಿನಲ್ಲಿ ಹೇಳಿದ್ದು, ದಾಖಲೆಗಳ ಪ್ರಕಾರ ಇಂಥ ತಿಂಗಳಿನಿಂದ" ಎಂದು ಲೆಟರ್‌ಹೆಡ್ ಮೇಲೆ, ನೋಂದಣಿ ಸಂಖ್ಯೆ ಮತ್ತು ಮೊಹರಿನೊಂದಿಗೆ ಪ್ರತ್ಯೇಕ ಪ್ರಮಾಣಪತ್ರ ಕೇಳಿ. ಇಡೀ ಕೇಸ್ ಶೀಟಿನ ಪ್ರತಿಗೂ ಅರ್ಜಿ ಕೊಡಿ.

ಮುಂದೆ ಯಾರಾದರೂ ಆಸ್ಪತ್ರೆಗೆ ಸೇರುವ ಸಂದರ್ಭ ಬಂದರೆ ನೆನಪಿಡಿ: ವರ್ಷ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಚೀಟಿ ತಂದು ತೋರಿಸುತ್ತೇವೆ" ಎನ್ನಿ. ಅಂದಾಜು ಬೇಡ.

2009ರ ಪಾಲಿಸಿಗೆ 2021ರಲ್ಲಿ ನ್ಯಾಯ. ಹನ್ನೆರಡು ವರ್ಷ ಕೋರ್ಟು ಅಲೆಯೋ ಶಕ್ತಿ ನಮ್ಮಂಥವರಿಗೆ ಎಲ್ಲಿದೆ?
— ಕೊಬ್ಬರಿ ವರ್ತಕರು, ತಿಪಟೂರು

ನಿಮ್ಮ ಸಿಟ್ಟು ನ್ಯಾಯವಾದದ್ದು. ಹಾಗೆಂದು ಎಲ್ಲರೂ ದೆಹಲಿಗೆ ಹೋಗಬೇಕಿಲ್ಲ. ಸುಪ್ರೀಂ ಕೋರ್ಟಿನ ಮಾತು ಈಗ ಕೆಳಗಿನ ಎಲ್ಲ ಕಡೆ ನಡೆಯುತ್ತದೆ, ಅದನ್ನು ಹತ್ತಿರದಲ್ಲೇ ಬಳಸಿಕೊಳ್ಳಿ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್. ಯಾವ ಷರತ್ತಿನ ಪ್ರಕಾರ ನಿರಾಕರಿಸಿದಿರಿ, ಕ್ಲೈಮ್ ಪರಿಶೀಲನಾ ಸಮಿತಿ ಒಪ್ಪಿದೆಯೇ ಎಂದು ಕೇಳಿ. ಆ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೈಮನ್ನೂ ನಿರಾಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲೇ ಆದೇಶಿಸಿದೆ. ಒಂದು ತಿಂಗಳು ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್‌ಗೆ ದೂರು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ಆನ್‌ಲೈನ್ ದೂರನ್ನೂ ಸ್ವೀಕರಿಸುತ್ತಾರೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೇಳಬಹುದು. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿನ ಆದೇಶಕ್ಕೆ ಕಂಪನಿ ಕಟ್ಟುಬೀಳಬೇಕು, ನೀವು ಬೀಳಬೇಕಿಲ್ಲ. 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ಕಂಪನಿ ನಿಮಗೆ ದಂಡ ಕೊಡಬೇಕು.

ಅಲ್ಲೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, ಕಂಪನಿಯ ಶಾಖೆ ಎಲ್ಲಿದ್ದರೂ ಸರಿ. ಶುಲ್ಕದ ಲೆಕ್ಕ ನೀವು ಕಟ್ಟಿದ ಪ್ರೀಮಿಯಂ ಮೇಲೆ, ಕೇಳುವ ಪರಿಹಾರದ ಮೇಲಲ್ಲ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಗಡುವು ಎರಡು ವರ್ಷ. ಒಂದು ಎಚ್ಚರಿಕೆ: ಆಯೋಗದಲ್ಲಿ ಕೇಸು ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ನಿಮ್ಮ ದೂರು ಮುಟ್ಟುವುದಿಲ್ಲ. ಆದ್ದರಿಂದ ಮೊದಲು ಒಂಬುಡ್ಸ್‌ಮನ್ ಬಳಿಗೆ, ಆಮೇಲೆ ಆಯೋಗಕ್ಕೆ.

ಮೂರು ಲಕ್ಷದ ಪಾಲಿಸಿ, ಬಿಲ್ 1,84,000. ಆದರೂ 62,000 ಕೈಯಿಂದ ಕಟ್ಟಿಸಿಕೊಂಡರು. ಇದಕ್ಕೂ ಕೋರ್ಟಿಗೆ ಹೋಗಬಹುದೇ?
— ಶಾಲಾ ಶಿಕ್ಷಕಿ, ಚಿಂತಾಮಣಿ

ನೀವು ಕಳಿಸಿದ ಬಿಲ್ ನೋಡಿದರೆ ಕಡಿತ ಷರತ್ತಿನಂತೆಯೇ ಆಗಿದೆ, ಕೋರ್ಟಿಗೆ ಹೋಗಿ ಪ್ರಯೋಜನವಿಲ್ಲ. ನಿಮ್ಮ ಪಾಲಿಸಿಯಲ್ಲಿ ರೂಂ ಬಾಡಿಗೆ ಮಿತಿ ವಿಮಾ ಮೊತ್ತದ ಶೇ. 1, ಅಂದರೆ ದಿನಕ್ಕೆ 3,000. ನೀವು ಇದ್ದದ್ದು 6,000ದ ರೂಮಿನಲ್ಲಿ, ನಾಲ್ಕು ದಿನ. ಹೆಚ್ಚುವರಿ 12,000 ಕಟ್ಟಿದರೆ ಮುಗಿಯಿತು ಎಂದು ನೀವು ಎಣಿಸಿದ್ದೀರಿ. ಹಾಗಲ್ಲ. ಮಿತಿಯ ದುಪ್ಪಟ್ಟು ರೂಂ ತೆಗೆದುಕೊಂಡಾಗ ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ, ಇಳಿಸುತ್ತಾರೆ. ರೂಂ 24,000ದಲ್ಲಿ 12,000, ವೈದ್ಯರು ಮತ್ತು ಥಿಯೇಟರ್ 1,00,000ದಲ್ಲಿ 50,000. ಔಷಧಿ, ಪರೀಕ್ಷೆ, ಇಂಪ್ಲಾಂಟ್‌ಗೆ ಈ ಕಡಿತ ಹಾಕುವಂತಿಲ್ಲ, ಆ 60,000 ಪೂರ್ತಿ ಬಂದಿದೆ. ಒಟ್ಟು 1,22,000. ಔಷಧಿಯಲ್ಲೂ ಅರ್ಧ ಕಡಿದಿದ್ದರೆ ಜಗಳ ಮಾಡಬಹುದಿತ್ತು.

ಅಡ್ಮಿಷನ್ ಕೌಂಟರಿನಲ್ಲಿ "ಯಾವ ರೂಂ ಖಾಲಿ ಇದೆ" ಎಂದು ಕೇಳುವುದಕ್ಕಿಂತ "ನಮ್ಮ ಪಾಲಿಸಿಗೆ ಎಷ್ಟರ ರೂಂ" ಎಂದು ಮೊದಲು ಕೇಳಿ. ಮುಂದಿನ ನವೀಕರಣದಲ್ಲಿ ರೂಂ ಮಿತಿಯಿಲ್ಲದ ಪಾಲಿಸಿಗೆ ಬದಲಾಯಿಸಿಕೊಳ್ಳಿ.

ವರ್ಷಗಳಿಂದ ಒಂದೇ ಕಂಪನಿಯಲ್ಲಿ ರಿನ್ಯೂ ಮಾಡಿಸುತ್ತಿದ್ದೇವೆ. ಈಗ ಆಂಜಿಯೋಪ್ಲಾಸ್ಟಿಗೆ ಮಿತಿ ಇದೆ ಎನ್ನುತ್ತಾರೆ. ನಮಗೆ ಯಾರೂ ಹೇಳಿರಲಿಲ್ಲ.
— ಓದುಗರು, ಮಾಲೂರು

ಇಲ್ಲಿ ತೀರ್ಪು ನಿಮ್ಮ ಪರವಾಗಿದೆ. ನಂದಾ ತೀರ್ಪು ಬಂದ ಮೂರೇ ದಿನಕ್ಕೆ, 2021ರ ಡಿಸೆಂಬರ್ 9ರಂದು, ಜೇಕಬ್ ಪುನ್ನೆನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನಿಮ್ಮಂಥದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ. ನವೀಕರಣದ ವೇಳೆ ಷರತ್ತು ಬದಲಿಸಿದರೆ ಕಂಪನಿ ಪಾಲಿಸಿದಾರರಿಗೆ ತಿಳಿಸಲೇಬೇಕು. ಹಳೆಯ ಪಾಲಿಸಿಗಳನ್ನು ವರ್ಷವಾರು ಜೋಡಿಸಿ, ಮಿತಿ ಯಾವ ವರ್ಷ ಸೇರಿತು ಎಂದು ಗುರುತು ಹಾಕಿ, ಆ ವರ್ಷದ ನವೀಕರಣ ನೋಟಿಸಿನ ಪ್ರತಿ ಕೊಡಿ ಎಂದು ಕಂಪನಿಗೆ ಬರೆಯಿರಿ.

ಖಿನ್ನತೆಗೆ ಆಸ್ಪತ್ರೆ ಸೇರಿದರೆ ವಿಮೆ ಸಿಗುತ್ತದೆಯೇ?
— ಓದುಗರು, ಗೌರಿಬಿದನೂರು

ಸಿಗಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4) ಕಲಂ, ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಿ ಎನ್ನುತ್ತದೆ. ದೆಹಲಿ ಹೈಕೋರ್ಟ್ 2021ರಲ್ಲಿ ಇದನ್ನು ಎತ್ತಿಹಿಡಿದಿದೆ. ಆಸ್ಪತ್ರೆಗೆ ಸೇರದೆ ಪಡೆಯುವ ಆಪ್ತಸಮಾಲೋಚನೆಗೆ ಮಾತ್ರ ಹೆಚ್ಚಿನ ಪಾಲಿಸಿಗಳಲ್ಲಿ ಹಣವಿಲ್ಲ.

ನಾವು ಹಾಲಿನ ಡೇರಿ ಸದಸ್ಯರು, ಯಶಸ್ವಿನಿ ಕಾರ್ಡ್ ಇದೆ. ಈ ತೀರ್ಪು ಅದಕ್ಕೂ ಬರುತ್ತದೆಯೇ?
— ಹಾಲು ಉತ್ಪಾದಕರು, ಮುಳಬಾಗಿಲು

ನೇರವಾಗಿ ಬರುವುದಿಲ್ಲ, ಅದರ ಅಗತ್ಯವೂ ನಿಮಗಿಲ್ಲ. ಯಶಸ್ವಿನಿಯಲ್ಲಿ ಹಳೇ ಕಾಯಿಲೆ ಕೇಳುವ ಪ್ರಪೋಸಲ್ ಫಾರಂ ಇಲ್ಲ. ಗ್ರಾಮೀಣ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಮೇಲಿನ ಒಬ್ಬೊಬ್ಬರಿಗೆ 100, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಇಲ್ಲಿ ಕೆಡುವುದು ಬೇರೆ ಕಡೆ: ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋಗಿ, ಪೂರ್ತಿ ಹಣ ಕಟ್ಟಿ, ಬಿಲ್ ತಂದು ಕೊಟ್ಟರೆ ವಾಪಸ್ ಬರುವುದಿಲ್ಲ. ಸೇರುವ ಮುಂಚೆ ನೆಟ್‌ವರ್ಕ್ ಆಸ್ಪತ್ರೆಯ ಯಶಸ್ವಿನಿ ಕೌಂಟರಿನಲ್ಲಿ ಕಾರ್ಡ್ ತೋರಿಸಿ, ಪೂರ್ವಾನುಮತಿ ಬಂದಿದೆಯೇ ಎಂದು ಕೇಳಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ 5 ಲಕ್ಷದವರೆಗೆ ಅವಕಾಶವಿದೆ. ಅದಕ್ಕೆ ತುರ್ತು ಚಿಕಿತ್ಸೆ ಬಿಟ್ಟು ಉಳಿದಂತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು.

ಬೆಳಿಗ್ಗೆ ಡಿಸ್‌ಚಾರ್ಜ್ ಅಂದರು, ಕ್ಯಾಶ್‌ಲೆಸ್ ಒಪ್ಪಿಗೆ ರಾತ್ರಿ ಬಂತು. ಆ ದಿನದ ರೂಂ ಬಾಡಿಗೆ ನಮ್ಮ ತಲೆಗೆ ಕಟ್ಟಿದರು.
— ಓದುಗರು, ಶಿರಾ

ಕಟ್ಟುವಂತಿಲ್ಲ. ಆಸ್ಪತ್ರೆಯಿಂದ ಡಿಸ್‌ಚಾರ್ಜ್ ಮನವಿ ಹೋದ ಮೂರು ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹಾಕುವ ಹೆಚ್ಚುವರಿ ಖರ್ಚು ಕಂಪನಿಯದೇ. ಆಸ್ಪತ್ರೆಯ ವಿಮಾ ಡೆಸ್ಕಿನಲ್ಲಿ ಮನವಿ ಕಳಿಸಿದ ಸಮಯ ಕಾಣುವ ಸ್ಕ್ರೀನ್‌ಶಾಟ್ ಕೇಳಿ. ಎಷ್ಟೋ ಸಲ ತಡವಾಗುವುದು ಕಂಪನಿಯಲ್ಲಿ ಅಲ್ಲ, ಬಿಲ್ಲಿಂಗ್ ವಿಭಾಗ ಮಧ್ಯಾಹ್ನದವರೆಗೆ ಫೈಲ್ ಕಳಿಸಿಯೇ ಇರುವುದಿಲ್ಲ. ಹಾಗಿದ್ದರೆ ಆಸ್ಪತ್ರೆಯನ್ನು ಕೇಳಬೇಕು. ಕಂಪನಿಯದೇ ತಪ್ಪಾದರೆ ಆ ಸ್ಕ್ರೀನ್‌ಶಾಟ್, ಒಪ್ಪಿಗೆ ಬಂದ ಸಮಯದ ಎಸ್‌ಎಂಎಸ್ ಮತ್ತು ರೂಂ ಬಾಡಿಗೆ ರಸೀದಿ ಜೋಡಿಸಿ ಕುಂದುಕೊರತೆ ಅಧಿಕಾರಿಗೆ ಕಳಿಸಿ. ಪ್ರಾಧಿಕಾರದ ಸಹಾಯವಾಣಿ 155255ಕ್ಕೂ ದೂರು ಕೊಡಬಹುದು.