ಅಲೆಕ್ಸ್ ಟರ್ನರ್ ಮೊದಲ ಆಲ್ಬಮ್‌ಗೇ ಅಷ್ಟು ದೊಡ್ಡ ಹೆಸರು ಮಾಡಿದ್ದು ಹೇಗೆ?

ಮುಖ್ಯವಾಗಿ, ಹಾಡುಗಳನ್ನು ಮೊದಲು ಪುಕ್ಕಟೆ ಹಂಚಿದ್ದರಿಂದ. ಗಾಯಕ, ಹಾಡುಗಾರ ಟರ್ನರ್ ಅವರ ಬ್ಯಾಂಡ್, ಇಂಗ್ಲೆಂಡಿನ ಶೆಫೀಲ್ಡ್‌ ಊರಿನ ಆರ್ಕ್ಟಿಕ್ ಮಂಕೀಸ್, ಶುರುವಿನ ದಿನಗಳಲ್ಲಿ ತನ್ನ ಕಾರ್ಯಕ್ರಮಗಳಲ್ಲಿ ಡೆಮೊ (ಮಾದರಿ ಧ್ವನಿಮುದ್ರಣದ) ಸಿ.ಡಿ.ಗಳನ್ನು ಬಿಟ್ಟಿ ಕೊಡುತ್ತಿತ್ತು. ಸಿಕ್ಕವರು ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಇಂಟರ್‌ನೆಟ್‌ನಲ್ಲಿ ಹಂಚಿದರು. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಬ್ಯಾಂಡ್‌ನ ಪುಟ ತೆರೆದದ್ದೂ ಅಭಿಮಾನಿಗಳೇ. ಹೀಗಾಗಿ ಆಲ್ಬಮ್ ಅಂಗಡಿಗೆ ಬರುವ ಮೊದಲೇ ಎಷ್ಟೋ ಜನರಿಗೆ ಹಾಡುಗಳು ಬಾಯಿಪಾಠ. ಬ್ರಿಟನ್ನಿನ ಆಲ್ಬಮ್‌ಗಳ ಶ್ರೇಯಾಂಕ ಪಟ್ಟಿ ಆಗ ನಡೆಯುತ್ತಿದ್ದುದು ವಾರದ ಮಾರಾಟದ ಲೆಕ್ಕದ ಮೇಲೆ, ಕಾದು ಕೂತಿದ್ದವರೆಲ್ಲ ಮೊದಲ ವಾರವೇ ಮುಗಿಬಿದ್ದರು. 2006ರ ಜನವರಿಯಲ್ಲಿ ಡೊಮಿನೊ ಎಂಬ ಸ್ವತಂತ್ರ ಕಂಪನಿ ತಂದ ಆ ಆಲ್ಬಮ್ ಒಂದೇ ವಾರಕ್ಕೆ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಹಾಗಂತ ಪುಕ್ಕಟೆ ಹಂಚಿದವರೆಲ್ಲ ಗೆಲ್ಲಲಿಲ್ಲ; ಇಲ್ಲಿ ಹಾಡುಗಳೂ ಜನರಿಗೆ ಹಿಡಿಸಿದವು. ಟರ್ನರ್ ಬರೆದದ್ದು ಕ್ಲಬ್ ಬಾಗಿಲಲ್ಲಿ ತಡೆಯುವ ಬೌನ್ಸರ್, ತಡರಾತ್ರಿಯ ಟ್ಯಾಕ್ಸಿ ಇಂಥವುಗಳ ಬಗ್ಗೆ, ಅದೂ ಶೆಫೀಲ್ಡ್‌ನ ಆಡುಮಾತಿನಲ್ಲೇ.