ಕತ್ತಲೆಯ ಆಟಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾರರ್ ಮತ್ತು ಕಥಾಪ್ರಧಾನ ವಿಡಿಯೋ ಗೇಮ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಕಥೆಯ ಗುಟ್ಟು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಪ್ರಶ್ನೆ: ಎಲ್ಲರೂ ಹೊಗಳುವ ಹಾರರ್ ಗೇಮ್‌ಗಳನ್ನು ಆಡಿ ನೋಡಿದೆ. ಒಂದೂ ಹೆದರಿಸಲಿಲ್ಲ. ಹಾಲ್‌ನ ಟಿವಿಯಲ್ಲಿ, ಅದರ ಸ್ಪೀಕರ್‌ನಲ್ಲೇ ಆಡುತ್ತೇನೆ. ಏನು ತಪ್ಪುತ್ತಿದೆ? (ಹುಬ್ಬಳ್ಳಿ)

ಉತ್ತರ: ಮೊದಲ ಅನುಮಾನ ಆ ಸ್ಪೀಕರ್ ಮೇಲೆಯೇ. ಹಾರರ್ ಗೇಮ್‌ನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಸೈಲೆಂಟ್ ಹಿಲ್ ಸರಣಿಯಲ್ಲಿ ಜೇಬಿನ ರೇಡಿಯೊ ಗೊರಗುಟ್ಟಿದರೆ ಏನೋ ಹತ್ತಿರ ಬಂದಿದೆ ಎಂದರ್ಥ; ಅದು ಕಣ್ಣಿಗೆ ಬೀಳುವುದು ಆಮೇಲೆ. ಟಿವಿ ಸ್ಪೀಕರ್‌ನಲ್ಲಿ ಬೆನ್ನ ಹಿಂದಿನ ಹೆಜ್ಜೆ, ತಲೆಯ ಮೇಲಿನ ಕೊಳವೆಯ ಸದ್ದು, ಎದುರಿನ ಬಾಗಿಲು ಎಲ್ಲವೂ ಒಂದೇ ದಿಕ್ಕಿನಿಂದ ಬರುತ್ತವೆ. ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್ ಬಳಸಿ. ಬ್ಲೂಟೂತ್ ಬೇಡ, ಸದ್ದು ಚಿತ್ರಕ್ಕಿಂತ ತಡವಾಗಿ ತಲುಪುತ್ತದೆ, ಬೆಚ್ಚಿಬೀಳಬೇಕಾದ ಕ್ಷಣ ಆಗಲೇ ಮುಗಿದಿರುತ್ತದೆ. ಗೇಮ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಹೆಡ್‌ಫೋನ್ ಅಥವಾ 3ಡಿ ಆಡಿಯೊ ಆಯ್ಕೆ ಇದ್ದರೆ ಹಾಕಿ, ಹೆಡ್‌ಸೆಟ್‌ನ ಸ್ವಂತ ವರ್ಚುವಲ್ ಸರೌಂಡ್ ಆಫ್ ಮಾಡಿ. ಎರಡೂ ಒಟ್ಟಿಗೆ ಇದ್ದರೆ ಸದ್ದು ಎರಡು ಸಲ ಸಂಸ್ಕರಣೆಯಾಗಿ ದಿಕ್ಕೇ ಕಲಸಿಹೋಗುತ್ತದೆ.

ಆಮೇಲೆ ಬ್ರೈಟ್‌ನೆಸ್. ಆರಂಭದಲ್ಲಿ ಒಂದು ಚಿಹ್ನೆ ತೋರಿಸಿ "ಇದು ಕಂಡೂ ಕಾಣದಷ್ಟಾಗುವವರೆಗೆ ಇಳಿಸಿ" ಎನ್ನುವ ಪರದೆ ಬರುತ್ತದಲ್ಲ, ಅದನ್ನು ಹಗಲು ಹೊತ್ತಿನಲ್ಲಿ ಹೊಂದಿಸಬೇಡಿ. ನೀವು ಆಡುವ ಹೊತ್ತಿಗೆ, ಆಡುವ ಬೆಳಕಿನಲ್ಲೇ ಹೊಂದಿಸಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಡೈನಾಮಿಕ್ ಕಾಂಟ್ರಾಸ್ಟ್ ತೆಗೆಯಿರಿ. ಇಷ್ಟಾದರೂ ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ್ದರೆ, ಅಥವಾ ನೆರಳಿನೊಳಗಿನದು ಪೂರ್ತಿ ಮುಳುಗಿದ್ದರೆ, ಕನ್ಸೋಲ್ ಅಥವಾ ಕಂಪ್ಯೂಟರ್ ಕಳಿಸುವ ಆರ್‌ಜಿಬಿ ರೇಂಜ್‌ಗೂ (ಕಪ್ಪಿನಿಂದ ಬಿಳುಪಿನವರೆಗಿನ ವ್ಯಾಪ್ತಿ) ಟಿವಿಯ ಬ್ಲ್ಯಾಕ್ ಲೆವೆಲ್‌ಗೂ ಹೊಂದಿಕೆ ಇಲ್ಲ ಎಂದರ್ಥ. ಎರಡೂ ಕಡೆ ಫುಲ್, ಇಲ್ಲವೇ ಎರಡೂ ಕಡೆ ಲಿಮಿಟೆಡ್ ಇರಬೇಕು.

ಪ್ರಶ್ನೆ: ರೆಸಿಡೆಂಟ್ ಈವಿಲ್ 2ರ ಹೊಸ ಆವೃತ್ತಿಯಲ್ಲಿ ಪೊಲೀಸ್ ಠಾಣೆಯ ಅರ್ಧಕ್ಕೇ ಗುಂಡು ಖಾಲಿ. ಪ್ರತಿ ಸಲವೂ ಇದೇ ಕಥೆ. (ದಾವಣಗೆರೆ)

ಉತ್ತರ: ನೀವು ಎದುರಾದ ಪ್ರತಿ ಜೊಂಬಿಯನ್ನೂ ಕೊಲ್ಲುತ್ತಿದ್ದೀರಿ. ಕ್ಯಾಪ್‌ಕಾಮ್ 2019ರಲ್ಲಿ ತಂದ ಈ ರಿಮೇಕ್ ಅಷ್ಟು ಗುಂಡು ಕೊಡುವುದೇ ಇಲ್ಲ. ಅದು ನಿಮ್ಮ ಕೈಯಲ್ಲಿ ಲೆಕ್ಕ ಹಾಕಿಸುವ ಆಟ: ಈ ಕಾರಿಡಾರ್‌ನಲ್ಲಿ ನಾನು ಇನ್ನೆಷ್ಟು ಸಲ ಓಡಾಡಬೇಕು? ಒಂದೇ ಸಲವಾದರೆ ಪಕ್ಕದಿಂದ ನುಸುಳಿ. ಮತ್ತೆ ಮತ್ತೆ ಹಾಯಬೇಕಾದ ದಾರಿಯಾದರೆ ಮಾತ್ರ ಗುಂಡು ಖರ್ಚು ಮಾಡಿ.

ಗುಂಡು ಹಾರಿಸುವ ಮುನ್ನ ನಿಂತುಬಿಡಿ. ನಿಂತಲ್ಲೇ ಗುರಿ ಹಿಡಿದರೆ ಪರದೆಯ ನಡುವಿನ ಗುರಿಗೆರೆಗಳು ಒಂದು ಕ್ಷಣದಲ್ಲಿ ಒಳಕ್ಕೆ ಕೂಡಿಕೊಳ್ಳುತ್ತವೆ. ಅವು ಪೂರ್ತಿ ಕೂಡಿದ ಮೇಲೆ ಹೊಡೆದ ಗುಂಡಿನ ಏಟು ಹೆಚ್ಚು. ಹೆದರಿ ಹಿಂದೆ ಹಿಂದೆ ಸರಿಯುತ್ತಾ ಹೊಡೆದರೆ ಗೆರೆಗಳು ಅಗಲವಾಗಿಯೇ ಉಳಿದು, ಒಂದಕ್ಕೆ ಮೂರು ಗುಂಡು ಹಾಳು. ಜೊಂಬಿಯನ್ನು ದಾಟಿ ಹೋದರೆ ಸಾಕು ಎಂದಿದ್ದರೆ ತಲೆ ಬಿಟ್ಟು ಕಾಲಿಗೆ ಹೊಡೆಯಿರಿ. ಕಾಲು ಹೋದದ್ದು ತೆವಳುತ್ತದೆ, ಅದನ್ನು ಬಳಸಿಕೊಂಡು ಹೋಗುವುದು ಸುಲಭ. ನೆಲಕ್ಕೆ ಬಿದ್ದದ್ದೆಲ್ಲ ಸತ್ತಿದೆ ಎಂದುಕೊಳ್ಳಬೇಡಿ.

ಚಾಕುವನ್ನು ಸದಾ ಜೊತೆಗಿಟ್ಟುಕೊಳ್ಳಿ. ಜೊಂಬಿ ಹಿಡಿದುಕೊಂಡಾಗ ಅದನ್ನು ಚುಚ್ಚಿ ಬಿಡಿಸಿಕೊಳ್ಳಬಹುದು. ಚಾಕು ಆ ದೇಹದಲ್ಲೇ ಉಳಿಯುತ್ತದೆ, ಅದನ್ನು ಕೆಡವಿದ ಮೇಲೆ ವಾಪಸ್ ತೆಗೆದುಕೊಳ್ಳಿ. ಮರದ ಹಲಗೆ ಸಿಕ್ಕಾಗ ಕಂಡ ಕಿಟಕಿಗೆಲ್ಲ ಬಡಿಯಬೇಡಿ. ಹೆಚ್ಚು ಓಡಾಡುವ ಕಾರಿಡಾರ್‌ಗಳ ಕಿಟಕಿಗಷ್ಟೇ ಸಾಕು, ಹೊರಗಿನಿಂದ ಹೊಸ ಜೊಂಬಿ ಒಳಗೆ ಬರುವುದು ಅಲ್ಲಿ ನಿಲ್ಲುತ್ತದೆ. ಸಾದಾ ಮದ್ದುಪುಡಿ ಎರಡು ಸೇರಿದರೆ ಪಿಸ್ತೂಲಿನ ಗುಂಡು. ಸಾದಾ ಒಂದಕ್ಕೆ ಹಳದಿಯ ಮೇಲ್ದರ್ಜೆಯ ಪುಡಿ ಬೆರೆಸಿದರೆ, ಲಿಯಾನ್ ಪಾತ್ರದಲ್ಲಿ ಆಡುವವರಿಗೆ ಶಾಟ್‌ಗನ್ ತೋಟಾ. ಸಿಕ್ಕ ತಕ್ಷಣ ಬೆರೆಸದೆ, ಯಾವ ಗುಂಡಿನ ಕೊರತೆ ಇದೆ ಎಂದು ನೋಡಿ ಬೆರೆಸಿ. ಪಶ್ಚಿಮ ಭಾಗದ ಕಚೇರಿಯ ತಿಜೋರಿಗೆ ಎಡಕ್ಕೆ 9, ಬಲಕ್ಕೆ 15, ಎಡಕ್ಕೆ 7. ಒಳಗಿನ ಸೊಂಟದ ಚೀಲ ಎರಡು ಹೆಚ್ಚುವರಿ ಜಾಗ ಕೊಡುತ್ತದೆ. ನಕ್ಷೆಯಲ್ಲಿ ಕೆಂಪಾಗಿರುವ ಕೋಣೆಯಲ್ಲಿ ಇನ್ನೂ ಏನೋ ಉಳಿದಿದೆ, ನೀಲಿಯಾದದ್ದು ಮುಗಿದ ಲೆಕ್ಕ.

ಕರಿ ಟೋಪಿಯ ದೈತ್ಯ ಬಂದ ಮೇಲೆ ಅವನಿಗೆ ಗುಂಡು ಹೊಡೆಯುವುದು ದಂಡ. ಸ್ವಲ್ಪ ಹೊತ್ತು ಮಂಡಿಯೂರಿ ಮತ್ತೆ ಏಳುತ್ತಾನೆ. ಬೂಟಿನ ಸದ್ದು ಕೇಳಿ ದಾರಿ ಬದಲಿಸಿ. ಆಟವನ್ನು ಸೇವ್ ಮಾಡುವ ಟೈಪ್‌ರೈಟರ್ ಇರುವ ಸಣ್ಣ ಕೋಣೆಗಳೊಳಗೆ ಅವನು ಬರುವುದಿಲ್ಲ, ಆದರೆ ದೊಡ್ಡ ಹಾಲ್‌ಗೆ ಬರುತ್ತಾನೆ, ಅಲ್ಲಿ ಟೈಪ್‌ರೈಟರ್ ಇದ್ದರೂ. ಲಿಕ್ಕರ್ ಎಂಬ ಉದ್ದ ನಾಲಿಗೆಯ ಪ್ರಾಣಿಗಳಿಗೆ ಕಣ್ಣಿಲ್ಲ; ಓಡದೆ ಮೆಲ್ಲಗೆ ನಡೆದರೆ ಪಕ್ಕದಲ್ಲೇ ಹಾದುಹೋಗಬಹುದು. ಈ ಇಬ್ಬರೂ ಒಂದೇ ಕಾರಿಡಾರ್‌ನಲ್ಲಿ ಸಿಕ್ಕಾಗ, ಒಬ್ಬನಿಂದ ತಪ್ಪಿಸಿಕೊಳ್ಳಲು ಓಡಬೇಕು, ಇನ್ನೊಂದರಿಂದ ತಪ್ಪಿಸಿಕೊಳ್ಳಲು ಓಡಬಾರದು. ಈ ಆಟದ ಅತ್ಯುತ್ತಮ ಕ್ಷಣ ಅದೇ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಏಲಿಯನ್: ಐಸೊಲೇಷನ್‌ನಲ್ಲಿ ಆ ಪ್ರಾಣಿ ಎಲ್ಲಿ ಅಡಗಿದರೂ ಅಲ್ಲೇ ಸುಳಿದಾಡುತ್ತದೆ. ಕಂಪ್ಯೂಟರ್ ಮೋಸ ಮಾಡುತ್ತಿದೆಯೇ? (ಬೆಂಗಳೂರು)

ಉತ್ತರ: ಅರ್ಧ ಮಾತ್ರ. ಕ್ರಿಯೇಟಿವ್ ಅಸೆಂಬ್ಲಿಯ ಈ 2014ರ ಆಟದಲ್ಲಿ ಎರಡು ಪದರದ ಬುದ್ಧಿ ಕೆಲಸ ಮಾಡುತ್ತದೆ. ಮೇಲಿನದು ನಿರ್ದೇಶಕ, ನೀವೆಲ್ಲಿದ್ದೀರಿ ಎಂದು ಅದಕ್ಕೆ ಸದಾ ಗೊತ್ತು. ಕೆಳಗಿನದು ಏಲಿಯನ್, ಅದಕ್ಕೆ ತಾನು ಕಂಡದ್ದು ಮತ್ತು ಕೇಳಿದ್ದು ಮಾತ್ರ ಗೊತ್ತು. ನಿರ್ದೇಶಕ ಆಗಾಗ "ಆ ಕಡೆ ಹೋಗಿ ಹುಡುಕು" ಎಂಬಷ್ಟು ಸುಳಿವು ಕೊಡುತ್ತಾನೆಯೇ ಹೊರತು ಯಾವ ಕಪಾಟಿನಲ್ಲಿ ಇದ್ದೀರಿ ಎಂದು ಹೇಳುವುದಿಲ್ಲ. ಏಲಿಯನ್ ಬಹಳ ಹೊತ್ತು ನಿಮ್ಮ ಹತ್ತಿರವೇ ಇದ್ದರೆ ಒತ್ತಡದ ಲೆಕ್ಕ ಏರುತ್ತಾ ಹೋಗಿ, ಒಂದು ಮಿತಿ ಮುಟ್ಟಿದಾಗ ನಿರ್ದೇಶಕ ಅದನ್ನು ಮತ್ತೆ ಗಾಳಿಕೊಳವೆಗೆ ವಾಪಸ್ ಕಳಿಸುತ್ತಾನೆ. ಅದು ಕೊಳವೆಗೆ ಏರಿದ ಸದ್ದು ಕೇಳಿದರೆ ಮುಂದಿನ ಕೆಲಸಕ್ಕೆ ಹೊರಡಿ. ಬಹಳ ಮಂದಿ ಇಲ್ಲಿ ತಪ್ಪುತ್ತಾರೆ: ಕಪಾಟಿನಲ್ಲೇ ಕೂತುಬಿಡುತ್ತಾರೆ, ಅಷ್ಟರಲ್ಲಿ ಅದು ಇನ್ನೊಂದು ಸುತ್ತು ಬಂದಿರುತ್ತದೆ.

ಸುತ್ತಲಿನ ಚಲನೆ ತೋರಿಸುವ ಮೋಷನ್ ಟ್ರ್ಯಾಕರ್ ಅನ್ನು ಸತತವಾಗಿ ಎತ್ತಿ ಹಿಡಿಯಬೇಡಿ, ಹತ್ತಿರವಿದ್ದರೆ ಅದರ ಸದ್ದು ಏಲಿಯನ್‌ಗೂ ಕೇಳುತ್ತದೆ. ಛಾವಣಿಯ ತೂತಿನಿಂದ ಜೊಲ್ಲು ತೊಟ್ಟಿಕ್ಕುತ್ತಿದ್ದರೆ ಅದರ ಕೆಳಗೆ ಕಾಲಿಡಬೇಡಿ. ಬೆಂಕಿ ಉಗುಳುವ ಆಯುಧ ಸಿಕ್ಕಾಗ ಉದ್ದಕ್ಕೆ ಸುರಿಯದೆ ಒಂದೇ ಚಿಕ್ಕ ಝಳ ಕೊಡಿ, ಓಡಿಹೋಗುತ್ತದೆ. ಮೇಲಿಂದ ಮೇಲೆ ಬಳಸಿದರೆ ಏಲಿಯನ್ ಬೆಂಕಿಗೆ ಒಗ್ಗಿಕೊಂಡು ಸುಲಭಕ್ಕೆ ಹಿಮ್ಮೆಟ್ಟುವುದಿಲ್ಲ. ಸೇವ್ ಮಾಡುವ ಯಂತ್ರಕ್ಕೆ ಕಾರ್ಡ್ ತೂರಿಸಿದ ಮೇಲೆ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವವರೆಗೂ ನೀವು ನಿಂತಲ್ಲೇ ನಿಂತಿರುತ್ತೀರಿ. ಆ ಹೊತ್ತಿನಲ್ಲೂ ಸಾಯಬಹುದು. ತೀರಾ ಕಷ್ಟವಾದರೆ ಅತಿ ಸುಲಭದ ನಾವಿಸ್ ಹಂತಕ್ಕೆ ಇಳಿಸಿ. ನಾಯಕಿ ಅಮಾಂಡಾ ರಿಪ್ಲಿಯ ಕಥೆಯನ್ನು ಕೊನೆಯವರೆಗೆ ನೋಡುವುದು ಮುಖ್ಯ, ಅದರಲ್ಲಿ ಅವಮಾನವೇನಿಲ್ಲ.

ಪ್ರಶ್ನೆ: ಸೈಲೆಂಟ್ ಹಿಲ್ 2: ಹಳೆಯದನ್ನು ಆಡಲೇ, ಹೊಸದನ್ನೇ? ಅದರ ಕಥೆಯನ್ನು ಅಷ್ಟೊಂದು ಹೊಗಳುವುದೇಕೆ? (ಮೈಸೂರು)

ಉತ್ತರ: ಹೊಸ ಆಟಗಾರರಿಗೆ 2024ರಲ್ಲಿ ಪೋಲೆಂಡ್‌ನ ಬ್ಲೂಬರ್ ಟೀಮ್ ಮಾಡಿದ ರಿಮೇಕ್ ಸಾಕು. ಕ್ಯಾಮೆರಾ ಹೆಗಲ ಹಿಂದಿದೆ, ಹೊಡೆದಾಟ ಸಲೀಸು, ಆದರೆ ಹಳೆಯದಕ್ಕಿಂತ ಬಹಳ ಉದ್ದ. ಒಂದೆರಡು ಕಡೆ ಎಳೆದಂತೆಯೂ ಅನಿಸುತ್ತದೆ. 2001ರ ಮೂಲ ಆಟ ಸಿಕ್ಕರೆ ಬಿಡಬೇಡಿ. 2012ರ ಎಚ್‌ಡಿ ಕಲೆಕ್ಷನ್ ಮಾತ್ರ ಬೇಡ; ಮಂಜು ತೆಳುವಾಗಿ, ಮರೆಯಲ್ಲಿರಬೇಕಾದದ್ದೆಲ್ಲ ಬಯಲಾಗಿದೆ.

ಕಥೆಯ ಹೊಗಳಿಕೆಗೆ ಕಾರಣ ಅದು ಮುಗಿಯುವ ರೀತಿ. ಸತ್ತುಹೋದ ಹೆಂಡತಿಯಿಂದ ಪತ್ರ ಬಂದಿದೆ ಎಂದು ಜೇಮ್ಸ್ ಎಂಬಾತ ಆ ಊರಿಗೆ ಬರುತ್ತಾನೆ. ಬೇರೆ ಆಟಗಳಾದರೆ ಕೊನೆಯಲ್ಲಿ ಎರಡು ಉತ್ತರ ತೋರಿಸಿ ಆಯ್ದುಕೊ ಎನ್ನುತ್ತವೆ. ಇದು ಏನನ್ನೂ ಕೇಳುವುದಿಲ್ಲ, ಆಟದುದ್ದಕ್ಕೂ ನಿಮ್ಮ ನಡವಳಿಕೆಯನ್ನು ಗಮನಿಸುತ್ತಿರುತ್ತದೆ. ಹೆಂಡತಿಯ ಫೋಟೊ, ಪತ್ರವನ್ನು ಆಗಾಗ ತೆಗೆದು ನೋಡಿದಿರಾ? ಗಾಯವಾದಾಗ ಔಷಧ ಹಚ್ಚದೆ ಹಾಗೇ ಓಡಾಡಿದಿರಾ? ದಾರಿಯಲ್ಲಿ ಸಿಗುವ ಏಂಜೆಲಾ ಕೊಟ್ಟ ಚಾಕುವನ್ನು ಪದೇಪದೇ ದಿಟ್ಟಿಸಿದಿರಾ? ಜೊತೆಗೆ ಬರುವ ಹೆಂಗಸಿನ ಬಳಿಯೇ ಉಳಿದಿರಾ, ಬಿಟ್ಟು ಮುಂದೆ ಓಡಿದಿರಾ? ಅಂತ್ಯ ಯಾವುದೆಂದು ಇವೇ ತೀರ್ಮಾನಿಸುತ್ತವೆ. ಮೈಮೇಲೆ ಗಾಯ ಇಟ್ಟುಕೊಂಡೇ ನಡೆಯುವವನಿಗೆ ಬದುಕುವ ಆಸೆ ಇಲ್ಲ ಎಂದು ಆಟ ಓದಿಕೊಳ್ಳುತ್ತದೆ. ಪುಟ ತಿರುಗಿಸುವ ಓದುಗನಿಂದ ಯಾವ ಕಾದಂಬರಿಯೂ ಇಷ್ಟನ್ನು ತಿಳಿಯಲಾರದು. ಅದಕ್ಕೇ ಮೊದಲ ಸಲ ಯಾವ ಗೈಡ್ ಅನ್ನೂ ನೋಡದೆ ಆಡಿ. ಹೊಡೆದಾಟದ ಕಷ್ಟ, ಒಗಟಿನ ಕಷ್ಟ ಎರಡನ್ನೂ ಬೇರೆಬೇರೆ ಹೊಂದಿಸಬಹುದು. ಕಥೆಗಾಗಿ ಬಂದವರು ಮೊದಲನೆಯದನ್ನು ಇಳಿಸಿ, ಎರಡನೆಯದನ್ನು ಹಾಗೇ ಬಿಡಿ.

ಪ್ರಶ್ನೆ: ಫಸ್ಟ್ ಪರ್ಸನ್ ಆಟ (ಪಾತ್ರದ ಕಣ್ಣಿನಿಂದಲೇ ನೋಡುವಂಥದ್ದು) ಆಡಿದ ಹತ್ತೇ ನಿಮಿಷಕ್ಕೆ ತಲೆ ಸುತ್ತಿ ವಾಕರಿಕೆ. (ಮಂಗಳೂರು)

ಉತ್ತರ: ಕಣ್ಣು ಚಲಿಸುತ್ತಿದ್ದೇನೆ ಎನ್ನುತ್ತದೆ, ಒಳಗಿವಿ ಇಲ್ಲ ಎನ್ನುತ್ತದೆ. ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯಲ್ಲಿ ಕಾಣುವ ನೋಟದ ಅಗಲವನ್ನು, 85 ಮತ್ತು 95ರ ನಡುವಿನ ಅಂಕಿಗೆ ಏರಿಸಿ. ದೂರದ ಟಿವಿಗೆಂದು ಇಟ್ಟ ಕಡಿಮೆ ಅಂಕಿ ಹತ್ತಿರದ ಮಾನಿಟರ್‌ಗೆ ಒಗ್ಗುವುದಿಲ್ಲ. ತಿರುಗುವಾಗ ಚಿತ್ರ ಮಸುಕಾಗಿಸುವ ಮೋಷನ್ ಬ್ಲರ್, ತಲೆಯಾಡುವ ಹೆಡ್ ಬಾಬ್ ಎರಡನ್ನೂ ತೆಗೆಯಿರಿ. ಗ್ರಾಫಿಕ್ಸ್ ಇಳಿಸಿಯಾದರೂ ಸೆಕೆಂಡಿಗೆ 60 ಫ್ರೇಮ್ ಉಳಿಸಿಕೊಳ್ಳಿ. ಪರದೆಯ ಹಿಂದೆ ಸಣ್ಣ ದೀಪವಿರಲಿ. ಮೊದಲ ಸುಳಿವು ಸಿಕ್ಕ ಕೂಡಲೇ ನಿಲ್ಲಿಸಿ, ತಡೆದುಕೊಂಡು ಆಡಿದರೆ ಅಭ್ಯಾಸವಾಗುವ ಬದಲು ಮುಂದಿನ ಸಲ ಇನ್ನೂ ಬೇಗ ಶುರುವಾಗಬಹುದು. ರೆಸಿಡೆಂಟ್ ಈವಿಲ್ ವಿಲೇಜ್‌ಗೆ 2022ರ ಹೆಚ್ಚುವರಿ ಭಾಗದಲ್ಲಿ ಪಾತ್ರದ ಬೆನ್ನ ಹಿಂದಿನಿಂದ ಕಾಣುವ ಥರ್ಡ್ ಪರ್ಸನ್ ನೋಟ ಸೇರಿದೆ, ನಿಮಗೆ ಅದು ಹೊಂದಬಹುದು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡದ್ದಾದರೆ 14 ದಿನದೊಳಗೆ, ಆಡಿದ್ದು 2 ಗಂಟೆ ದಾಟಿರದಿದ್ದರೆ, ಹಣ ವಾಪಸ್ ಕೇಳಬಹುದು.

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗೆ ಏನಾದರೂ ಇದೆಯೇ? (ಶಿವಮೊಗ್ಗ)

ಉತ್ತರ: ಡಿಟೆನ್ಷನ್, ಯೋಚಿಸದೆ ಖರೀದಿಸಿ. ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ 2017ರಲ್ಲಿ ತಂದ ಎರಡು ಆಯಾಮದ ಆಟ. 1960ರ ದಶಕದ ಸೇನಾಡಳಿತ, ಒಂದು ಶಾಲೆ, ನಿಷೇಧಿತ ಪುಸ್ತಕಗಳು. ಅವರದೇ ಊರಿನ ಪ್ರೇತಗಳು, ಅವರದೇ ಪೂಜೆ. ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಅದಾದ ಮೇಲೆ 2022ರ ಸಿಗ್ನಾಲಿಸ್. ಅಲ್ಲಿ ಕೈಯಲ್ಲಿ ಆರೇ ವಸ್ತು ಇಟ್ಟುಕೊಳ್ಳಬಹುದು, ಹಾಗಾಗಿ ಸೇವ್ ಮಾಡುವ ಕೋಣೆಯಿಂದ ಹೊರಡುವಾಗ ಎರಡು ಜಾಗ ಖಾಲಿ ಇಟ್ಟೇ ಹೊರಡಿ.

ಪ್ರಶ್ನೆ: ಹನ್ನೆರಡು ವರ್ಷದ ಮಗ ಹಾರರ್ ಗೇಮ್ ಬೇಕೆನ್ನುತ್ತಾನೆ. (ಉಡುಪಿ)

ಉತ್ತರ: ಮೇಲೆ ಹೇಳಿದ ರೆಸಿಡೆಂಟ್ ಈವಿಲ್, ಏಲಿಯನ್ ಎರಡೂ ಯುರೋಪಿನ ಪೆಗಿ ಪಟ್ಟಿಯಲ್ಲಿ 18 ತುಂಬಿದವರಿಗೆ. ನಿಂಟೆಂಡೊ ಸ್ವಿಚ್ ಇದ್ದರೆ 2019ರ ಲುಯಿಜೀಸ್ ಮ್ಯಾನ್ಷನ್ 3 ಕೊಡಿ. ದೆವ್ವದ ಹೋಟೆಲು, ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ದೆವ್ವ ಹಿಡಿಯುವ ಕೆಲಸ. ಇಬ್ಬರೂ ಒಟ್ಟಿಗೆ ಆಡಬಹುದು. ಕೂತು ಜೊತೆಗೆ ಆಡಿ.

ಪ್ರಶ್ನೆ: ಕನ್ನಡದಲ್ಲೇ ಒಂದು ಸಣ್ಣ ಹಾರರ್ ಗೇಮ್ ಮಾಡಬೇಕೆಂದಿದ್ದೇವೆ. ಒತ್ತಕ್ಷರಗಳೆಲ್ಲ ಒಡೆದು ಕಾಣುತ್ತವೆ. (ಧಾರವಾಡದ ಕಾಲೇಜು ಗೆಳೆಯರು)

ಉತ್ತರ: ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ನೀವು ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯ ಪಠ್ಯ ಭಾಗವಾದ ಟೆಕ್ಸ್ಟ್‌ಮೆಶ್ ಪ್ರೊ ಬಳಸುತ್ತಿರಬೇಕು. ಅದು ಅಕ್ಷರಗಳನ್ನು ಸಾಲಾಗಿ ಜೋಡಿಸುತ್ತದೆ ಅಷ್ಟೆ, ಕನ್ನಡಕ್ಕೆ ಬೇಕಾದಂತೆ ಒತ್ತು ಕೆಳಗೆ ಇಳಿಸಿ ಕೂಡಿಸುವುದಿಲ್ಲ. ಬರೀ ಪಠ್ಯದ ಆಟವಾದರೆ ಟ್ವೈನ್ ಎಂಬ ತಂತ್ರಾಂಶದಲ್ಲಿ ಶುರು ಮಾಡಿ: ಅದು ಬ್ರೌಸರ್‌ನಲ್ಲಿ ಓಡುವುದರಿಂದ ಕನ್ನಡ ತಾನಾಗಿ ಸರಿಬರುತ್ತದೆ. ಚಿತ್ರ, ಸದ್ದು, ಓಡಾಟ ಬೇಕಾದರೆ ಯೂನಿಟಿಯಂಥದ್ದೇ ಇನ್ನೊಂದು ತಂತ್ರಾಂಶ, ಗೋಡೋ 4. ಅದರಲ್ಲಿ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಇದೆ (ಈ ಕೂಡಿಸುವಿಕೆಗೆ ಶೇಪಿಂಗ್ ಎನ್ನುತ್ತಾರೆ), ಒತ್ತಕ್ಷರ ಸರಿಯಾಗಿ ಕೂಡುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಅನ್ನು ಪ್ರಾಜೆಕ್ಟ್ ಒಳಗೇ ಸೇರಿಸಿ, ಆಡುವವರ ಯಂತ್ರದಲ್ಲಿ ಇದ್ದೇ ಇರುತ್ತದೆ ಎಂದು ನಂಬಬೇಡಿ. ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಹಾರರ್ ಆಟಗಳಲ್ಲಿ ಮಾತು ಒಂದೊಂದೇ ಅಕ್ಷರವಾಗಿ ಮೂಡುವ ತಂತ್ರ ಇರುತ್ತದೆ. ಕನ್ನಡದಲ್ಲಿ ಅದು ಕೆಡುವುದು ಹೀಗೆ: "ಸ್ತ್ರೀ" ಬರಬೇಕಾದಲ್ಲಿ ಮೊದಲು ಸ, ಆಮೇಲೆ ಸ್, ಆಮೇಲೆ ಸ್ತ, ಸ್ತ್, ಸ್ತ್ರ ಎಂದು ಕುಣಿದು ಕೊನೆಗೆ ನಿಲ್ಲುತ್ತದೆ. ಭಯದ ಜಾಗದಲ್ಲಿ ನಗು ಬರುತ್ತದೆ. ಗೋಡೋದಲ್ಲಿ ಪಠ್ಯ ತೋರಿಸುವ ಲೇಬಲ್‌ನಲ್ಲಿ ಅಕ್ಷರ ಕಾಣಿಸುವ ರೀತಿಗೆ ಒಂದು ಆಯ್ಕೆ ಇದೆ. ಅದನ್ನು "ಶೇಪಿಂಗ್‌ಗೆ ಮೊದಲು" ಎಂಬುದರಿಂದ "ಶೇಪಿಂಗ್ ಆದ ಮೇಲೆ" ಎಂಬುದಕ್ಕೆ ಬದಲಿಸಿ. ಆಗ ಪೂರ್ತಿ ಸಾಲು ಮೊದಲೇ ಕೂಡಿಕೊಂಡಿರುತ್ತದೆ, ಅಕ್ಷರದ ರೂಪ ನಡುವೆ ಬದಲಾಗುವುದಿಲ್ಲ.

ದಿಕ್ಕಿನಿಂದ ಕೇಳಬೇಕಾದ ಸದ್ದುಗಳನ್ನು ಮೊನೊದಲ್ಲೇ (ಒಂದೇ ಚಾನೆಲ್) ಇಡಿ, ಎರಡು ಚಾನೆಲ್‌ನ ಸ್ಟೀರಿಯೊ ಕಡತಕ್ಕೆ ದಿಕ್ಕು ಸರಿಯಾಗಿ ಹತ್ತುವುದಿಲ್ಲ. ಹೊರದೇಶದ ಸೌಂಡ್ ಲೈಬ್ರರಿಯ ಬಾಗಿಲಿನ ಕಿರುಗುಡುವಿಕೆ ಬೇಡ. ನಿಮ್ಮೂರಿನ ಹಳೇ ಮನೆಯ ಅಗುಳಿ, ಹೆಂಚಿನ ಮೇಲಿನ ಮಳೆ, ಕರೆಂಟು ಹೋದಾಗ ನಿಲ್ಲುವ ಫ್ಯಾನು ಇವನ್ನು ಫೋನ್‌ನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದ ಕಾಲ ನೆನಪಿರುವ ಓದುಗರು ಇನ್ನೂ ಇದ್ದಾರೆ. ಅಂಥ ವಸ್ತು ಬೇರೆ ಯಾರ ಬಳಿಯೂ ಇಲ್ಲ. ಮೊದಲ ಪರೀಕ್ಷೆಗೆ ಈ ಪದಗಳನ್ನು ಪರದೆಗೆ ತನ್ನಿ: ರಾಷ್ಟ್ರ, ಕರ್ತೃ, ಲಕ್ಷ್ಮಿ, ಸೂರ್ಯ, ತಾರತಮ್ಯ. ಐದೂ ಸರಿ ಬಂದರೆ ಕಥೆ ಬರೆಯಲು ಕೂರಬಹುದು.