ಗುಳಿಗೆ ಬಾಯಲ್ಲಿಟ್ಟ ರಾಜಕುಮಾರ: ಡೊಂಬಿವಲಿಯ ಓದುಗರಿಗೆ ಸಂಪಾದಕರ ಉತ್ತರ

ರಾಯರಿಗೆ ನಮಸ್ಕಾರ.

ನಿಮ್ಮ ಆರು ಪುಟದ ಕಾಗದ ಬಂತು, ಎರಡು ಸಲ ಓದಿದೆ, ಒಂದ್ಸಲ ಆಫೀಸಲ್ಲಿ, ಇನ್ನೊಂದ್ಸಲ ದಾದರ್‌ನಿಂದ ಮನೆಗೆ ಹೋಗೋವಾಗ ಲೋಕಲ್‌ನಲ್ಲಿ ನಿಂತ್ಕೊಂಡೇ. ಅಷ್ಟನ್ನೂ ಅಚ್ಚು ಹಾಕೋಕೆ ಜಾಗ ಇಲ್ಲ, ಅದಕ್ಕೆ ಉಳಿದ ಓದುಗರಿಗೋಸ್ಕರ ಸಾರ ಹೇಳ್ಬಿಡ್ತೀನಿ. ರಾಯರು ದಿನಾ ರಾತ್ರಿ ಊಟ ಆದ್ಮೇಲೆ ಆರನೇ ಕ್ಲಾಸಿನ ಮೊಮ್ಮಗಳಿಗೆ ಕಥೆ ಹೇಳ್ತಾರೆ. ಆ ಮಗುಗೆ ಶಾಲೇಲಿ ಇಂಗ್ಲಿಷು, ಬಿಲ್ಡಿಂಗ್ ಕೆಳಗೆ ಆಡೋವಾಗ ಮರಾಠಿ, ಅವಳಿಗೆ ಬರೋ ಕನ್ನಡ ಅಷ್ಟೂ ಈ ಕಥೆಗಳಿಂದ ಬಂದಿದ್ದು. ಗುಳಿಗೆ ಬಾಯಲ್ಲಿಟ್ಟು ಮಾಯ ಆಗೋ ರಾಜಕುಮಾರ, ಹಾರೋ ಚಾಪೆ, ಪರುಷಮಣಿ, ಕಳೆದಿದ್ದನ್ನ ತೋರಿಸೋ ಅಂಜನ, ಹೀಗೆ. ಹೋದ ತಿಂಗಳು ಅವಳು "ಅಜ್ಜಾ, ಇದ್ರಲ್ಲಿ ಯಾವುದು ನಾನು ದೊಡ್ಡೋಳಾಗೋಷ್ಟರಲ್ಲಿ ನಿಜ ಆಗತ್ತೆ?" ಅಂತ ಕೇಳಿದ್ಲಂತೆ. ರಾಯರು "ಎಲ್ಲಾ ನಮ್ಮ ಹಿರಿಯರ ಹತ್ರ ಇತ್ತು ಮಗಾ, ನಡುವೆ ಕಳೆದುಹೋಯ್ತು" ಅಂದ್ರು, ಅವಳ ಅಪ್ಪ "ಸುಮ್ನೆ ಮಗು ತಲೆ ಕೆಡಿಸ್ಬೇಡಿ" ಅಂದ, ಹುಡುಗಿಗೆ ಎರಡೂ ಒಪ್ಪಿಗೆ ಆಗ್ಲಿಲ್ಲ. ಈಗ ನಾವು ಹೇಳ್ಬೇಕಂತೆ.

ನಾನು ಹುಡುಗಿ ಪರ ರಾಯರೇ. ಅವಳು ಕೇಳಿರೋದು ಬಹಳ ಸರಿಯಾದ ಪ್ರಶ್ನೆ.

ಅಂಜನದಿಂದ ಶುರು ಮಾಡ್ತೀನಿ, ಯಾಕಂದ್ರೆ ಅದು ಆಗ್ಲೇ ನಿಜ ಆಗಿದೆ. ನನಗೆ ಎಂಟು ವರ್ಷ ಇದ್ದಾಗ ಊರಲ್ಲಿ ನಮ್ಮ ಚಿಕ್ಕಮ್ಮನ ಬೆಂಡೋಲೆ ಕಳೆದು ಅಂಜನ ಹಾಕಿಸಿದ್ರು, ಅಂಜನ ನೋಡೋಕೆ ಕೂರಿಸಿದ್ದು ನನ್ನನ್ನೇ. ವೀಳ್ಯದೆಲೆಗೆ ಕಪ್ಪು ಸವರಿ ಕೈಲಿ ಕೊಟ್ರು, ಎಣ್ಣೆ ಹೊಳೀತಿತ್ತು, "ಏನು ಕಾಣ್ತದೆ ಹೇಳು" ಅಂದ್ರು, ನನಗೆ ಕಂಡಿದ್ದು ದೀಪದ ಕುಡಿ ಮಾತ್ರ. ಬೆಂಡೋಲೆ ಸಿಗಲೇ ಇಲ್ಲ. ಹೋದ ವರ್ಷ ನನ್ನ ಹೆಂಡತಿ ಫೋನು ರಿಕ್ಷಾದಲ್ಲಿ ಬಿಟ್ಟುಬಂದಾಗ ಮಗಳು ತನ್ನ ಫೋನಲ್ಲಿ ಮ್ಯಾಪ್ ತೆಗೆದು ತೋರಿಸಿದ್ಲು, ಕುರ್ಲಾ ಸ್ಟೇಷನ್ ಹೊರಗೆ ಒಂದು ಚುಕ್ಕಿ ನಿಧಾನಕ್ಕೆ ಹೋಗ್ತಿತ್ತು, ಅಂಗೈಯಲ್ಲಿ ಹಿಡಿದ ಅಂಜನವೇ ಅದು. ಫೋನ್ ಮಾಡಿದ್ವಿ, ರಿಕ್ಷಾದವರು ತಾವೇ ತಂದುಕೊಟ್ರು. ಆ ಚುಕ್ಕಿ ಹಿಂದೆ ಏನಿದೆ ಅಂತ ಮೊಮ್ಮಗಳಿಗೆ ಹೇಳಿ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತೋ ಜಿಪಿಎಸ್ ಉಪಗ್ರಹಗಳು, ಪ್ರತಿಯೊಂದರೊಳಗೂ ಪರಮಾಣು ಗಡಿಯಾರ, ಆ ಗಡಿಯಾರ ನೆಲದ ಮೇಲಿನ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡತ್ತೆ. ಓಡತ್ತೆ ಅಂತ ಐನ್‌ಸ್ಟೈನ್ ಲೆಕ್ಕ ಮೊದಲೇ ಹೇಳಿತ್ತು. ಉಪಗ್ರಹದ ಸಂಕೇತ ಬರೋಕೆ ಎಷ್ಟು ಹೊತ್ತು ಹಿಡೀತು ಅನ್ನೋದರಿಂದಲೇ ಫೋನು ತನ್ನ ಜಾಗ ಲೆಕ್ಕ ಹಾಕೋದು. ಆ ಚೂರನ್ನ ಸರಿ ಮಾಡದೇ ಬಿಟ್ರೆ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರ್ ತಪ್ಪು ಸೇರ್ಕೊಳ್ಳತ್ತೆ, ಕುರ್ಲಾದಲ್ಲಿರೋ ಫೋನನ್ನ ನಾವು ಕಾಂಜೂರ್‌ಮಾರ್ಗ್ ಕಡೆ ಹುಡುಕ್ತಾ ಇರ್ತಿದ್ವಿ.

ಗುಳಿಗೆ ವಿಷಯ ಇನ್ನೂ ಚೆನ್ನಾಗಿದೆ. 2006ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯಲ್ಲಿ ಒಂದು ಸಣ್ಣ ತಾಮ್ರದ ಉರುಳೆಯನ್ನ ಮೈಕ್ರೋವೇವ್ ಅಲೆಗಳ ಕಣ್ಣಿಂದ ಹೆಚ್ಚುಕಮ್ಮಿ ಮರೆಮಾಡಿದ್ರು, ಅದರ ಲೆಕ್ಕ ಲಂಡನ್ನಿನ ಭೌತವಿಜ್ಞಾನಿ ಜಾನ್ ಪೆಂಡ್ರಿ ಅವರದ್ದು. ಉರುಳೆ ಸುತ್ತ ಬಳೆ ಬಳೆಯಾಗಿ ಸರ್ಕ್ಯೂಟ್ ಬೋರ್ಡು ನಿಲ್ಲಿಸಿ, ಆ ಬೋರ್ಡಿನ ಮೇಲೆ ತಾಮ್ರದ ಪುಟ್ಟ ಪುಟ್ಟ ಗೆರೆ. ಹೊಳೆ ನೀರು ಬಂಡೆ ಬಳಸಿಕೊಂಡು ಹೋಗಿ ಆ ಕಡೆ ಮತ್ತೆ ಸೇರ್ಕೊಳ್ಳತ್ತಲ್ಲ, ಹಾಗೇ ಅಲೆ ಉರುಳೆಯನ್ನ ಬಳಸಿ ಹೋಗಿ ಹಿಂದೆ ಕೂಡಿಕೊಳ್ತು. ಸಾಮಾನು ಮಾಯ ಆಗ್ಲಿಲ್ಲ, ದಾರಿ ಬದಲಾಯ್ತು. ಇಂಥ ವಸ್ತುವಿಗೆ ಮೆಟಾಮೆಟೀರಿಯಲ್ ಅಂತಾರೆ, ಗುಣ ಬರೋದು ಯಾವ ಲೋಹ ಅನ್ನೋದಕ್ಕಿಂತ ಹೆಚ್ಚಾಗಿ ಅದನ್ನ ಹೇಗೆ ಹೆಣೆದಿದ್ದಾರೆ ಅನ್ನೋದರಿಂದ. ಈ ದಾರಿಯಲ್ಲಿ ಬಹಳ ಮೊದಲೇ ಒಂದು ಹೆಜ್ಜೆ ಇಟ್ಟವರು ನಮ್ಮ ಜಗದೀಶಚಂದ್ರ ಬೋಸರು. 1898ರಲ್ಲಿ ಕಲ್ಕತ್ತಾದಲ್ಲಿ ಅವರು ಸೆಣಬಿನ ನಾರನ್ನ ಹೊಸೆದು ಕಟ್ಟುಕಟ್ಟಾಗಿ ಇಟ್ಟು ಅದರೊಳಗೆ ವಿದ್ಯುತ್ ಅಲೆ ಕಳಿಸಿದ್ರು, ಅಲೆ ಕಂಪಿಸೋ ದಿಕ್ಕು ತಿರುಗಿತು. ಬಲಕ್ಕೆ ಹೊಸೆದ್ರೆ ಒಂದು ಕಡೆ, ಎಡಕ್ಕೆ ಹೊಸೆದ್ರೆ ಇನ್ನೊಂದು ಕಡೆ. ಮಸ್ಜಿದ್ ಬಂದರಿನಲ್ಲಿ ಹಮಾಲರ ಬೆನ್ನ ಮೇಲೆ ಗೋಣಿಚೀಲ ನೋಡಿದಾಗೆಲ್ಲ ನನಗೆ ಇದು ನೆನಪಾಗತ್ತೆ, ಅದೇ ನಾರು.

ಹಾಗಾದ್ರೆ ಮೈಮುಚ್ಚೋ ಮಾಯಾಕಂಬಳಿ ಯಾಕೆ ಬಂದಿಲ್ಲ ಅಂತ ಅವಳು ಕೇಳ್ತಾಳೆ. ಆ ಹೆಣಿಗೆಯ ಕಣ್ಣು ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಿರ್ಬೇಕು. ಡ್ಯೂಕ್‌ನವರ ಅಲೆ ಸುಮಾರು 3.5 ಸೆಂಟಿಮೀಟರ್, ತಾಮ್ರದ ಗೆರೆ ಕೆಲವು ಮಿಲಿಮೀಟರ್ ಇದ್ರೆ ಸಾಕಾಯ್ತು. ನಮ್ಮ ಕಣ್ಣಿಗೆ ಕಾಣೋ ಬೆಳಕಿನ ಅಲೆ 400ರಿಂದ 700 ನ್ಯಾನೋಮೀಟರ್, ಕೂದಲಿನ ದಪ್ಪದ ಪಕ್ಕಕ್ಕಿಟ್ರೂ ನೂರರಲ್ಲೊಂದು ಪಾಲು. ಅಷ್ಟು ಸಣ್ಣದಾಗಿ ಒಂದಾಳು ಮುಚ್ಚೋಷ್ಟು ಹೆಣೀಬೇಕು, ಅದು ಕೆಂಪಿಗೂ ನೀಲಿಗೂ ಒಟ್ಟಿಗೇ ಒಪ್ಪಬೇಕು, ಮೇಲಿಂದ ಲೋಹ ಬೆಳಕನ್ನ ತಾನೇ ಒಂದಷ್ಟು ನುಂಗಿಬಿಡತ್ತೆ. ಇನ್ನೊಂದು ತೊಡಕಿದೆ, ನನಗೆ ಅದೇ ಎಲ್ಲಕ್ಕಿಂತ ಇಷ್ಟ, ಕೊನೆಗೆ ಹೇಳ್ತೀನಿ.

ಹಾರೋ ಚಾಪೆ. ಮಾಟುಂಗಾದ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಇದನ್ನ ಎದುರಿಗೇ ನೋಡಿದ್ದೀನಿ. ಥರ್ಮೋಕೋಲ್ ಬಟ್ಟಲಲ್ಲಿ ನಾಣ್ಯದಷ್ಟಗಲದ ಕಪ್ಪು ಬಿಲ್ಲೆ, ಮೇಲೆ ದ್ರವ ನೈಟ್ರೋಜನ್ ಹೊಯ್ದ್ರು, ಮೈನಸ್ 196 ಡಿಗ್ರಿ, ಚೊರ್ರ್ ಅಂತ ಕುದಿದು ಬಿಳಿ ಹೊಗೆ ಮೇಜಿಂದ ಕೆಳಗೆ ಇಳೀತು. ಸದ್ದು ನಿಂತ ಮೇಲೆ ಹುಡುಗಿಯೊಬ್ಬಳು ಚಿಮಟದಲ್ಲಿ ಒಂದು ಚೂರು ಅಯಸ್ಕಾಂತ ಹಿಡಿದು ಬಿಲ್ಲೆ ಮೇಲೆ ತಂದು ಬಿಟ್ಲು. ಬೀಳ್ಲಿಲ್ಲ. ಅರ್ಧ ಬೆರಳಿನಷ್ಟು ಮೇಲೆ ಗಾಳೀಲಿ ನಿಂತ್ಕೊಂಡ್ತು, ಬೆರಳಲ್ಲಿ ತಟ್ಟಿದ್ರೆ ಬುಗುರಿ ಥರ ತಿರುಗ್ತು. ಕೆಳಗೆ ಒಂದು ಪೇಪರ್ ತೂರಿಸಿ ತೋರಿಸಿದ್ಲು. ನೈಟ್ರೋಜನ್ ಆರಿ ಬಿಲ್ಲೆ ಬಿಸಿ ಆಗ್ತಿದ್ದ ಹಾಗೆ ಮೆಲ್ಲಗೆ ಇಳಿದು ಕೂತ್ಕೊಂಡ್ತು. ಸೂಪರ್‌ಕಂಡಕ್ಟರ್ ಅಂದ್ರೆ ಅದು, ತುಂಬಾ ತಣ್ಣಗಾದಾಗ ಕರೆಂಟು ಒಂಚೂರೂ ತಡೆಯಿಲ್ಲದೆ ಹರಿಯೋ, ಅಯಸ್ಕಾಂತದ ಬಲವನ್ನ ಹೊರಗೆ ತಳ್ಳೋ ವಸ್ತು. 1911ರಲ್ಲಿ ಮೊದಲು ಕಂಡಾಗ ಪಾದರಸವನ್ನ ಮೈನಸ್ 269 ಡಿಗ್ರಿಗೆ ಇಳಿಸಬೇಕಿತ್ತು, 1987ರಲ್ಲಿ ದ್ರವ ನೈಟ್ರೋಜನ್ನೇ ಸಾಕಾಗೋ ವಸ್ತು ಸಿಕ್ತು, ಅದಕ್ಕೇ ಇವತ್ತು ಕಾಲೇಜು ಹುಡುಗಿ ಕೈಗೆ ಬಂದಿದೆ. ಅಯಸ್ಕಾಂತದಿಂದ ಜೀವ ಇರೋ ಕಪ್ಪೆಯನ್ನೂ ತೇಲಿಸಿದ್ದಾರೆ, 1997ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ಸುಮಾರು 16 ಟೆಸ್ಲಾ ಬಲದ ಅಯಸ್ಕಾಂತ ಬೇಕಾಯ್ತು, ಆಸ್ಪತ್ರೆಯ ಎಂಆರ್‌ಐ ಸಾಮಾನ್ಯವಾಗಿ 1.5 ಅಥವಾ 3. ಜಪಾನಿನವರು 2015ರಲ್ಲಿ ಹೀಗೇ ತೇಲೋ ರೈಲನ್ನ ಪರೀಕ್ಷೆಗೆ ಗಂಟೆಗೆ 603 ಕಿಲೋಮೀಟರ್ ಓಡಿಸಿದ್ರು. ಆದ್ರೆ ಗಮನಿಸಿ, ಕಥೇಲಿ ಮಾಯೆ ಚಾಪೆಯಲ್ಲಿದೆ, ಎಲ್ಲಿಗೆ ಬೇಕಾದ್ರೂ ಹೋಗತ್ತೆ. ಇಲ್ಲಿ ಮಾಯೆಯ ಅರ್ಧ ಭಾಗ ದಾರಿಯಲ್ಲಿದೆ, ಹಳಿ ಹಾಕಿದಲ್ಲಿಗೆ ಮಾತ್ರ.

ಪರುಷಮಣಿಗೆ ಒಂದೇ ಮಾತು. ಜಿನೀವಾ ಹತ್ತಿರದ ಸರ್ನ್ ಅನ್ನೋ ಕಣವಿಜ್ಞಾನದ ಪ್ರಯೋಗಾಲಯದಲ್ಲಿ ಸೀಸ ಚಿನ್ನ ಆಗಿದೆ, 2015ರಿಂದ 2018ರ ತನಕ ಸುಮಾರು 8,600 ಕೋಟಿ ಚಿನ್ನದ ಪರಮಾಣು ಬೀಜ, ತೂಕ ಹಾಕಿದ್ರೆ 29 ಪಿಕೋಗ್ರಾಂ, ಒಂದು ಗ್ರಾಮನ್ನ ಲಕ್ಷ ಕೋಟಿ ಚೂರು ಮಾಡಿ ಅದರಲ್ಲಿ 29 ಚೂರು. ಝವೇರಿ ಬಜಾರಿನವರು ನಿಶ್ಚಿಂತೆಯಿಂದ ಇರಬಹುದು. ಸೊಗಸು ಏನಂದ್ರೆ ಪರುಷ ತಾಗಿದ್ರೆ ಚಿನ್ನ ಅಂತ ನಾವು ಕೇಳಿದ್ದು, ಅಲ್ಲಿ ಆಗಿದ್ದು ತಾಗದೇ ಇದ್ದಾಗ. ಎರಡು ಸೀಸದ ಬೀಜಗಳು ಡಿಕ್ಕಿ ಹೊಡೀದೆ ಪಕ್ಕದಲ್ಲೇ ಹಾದುಹೋಗೋವಾಗ ಒಂದರಿಂದ ಮೂರು ಪ್ರೋಟಾನ್ ಹಾರಿಹೋಗಿ 82 ಇದ್ದಿದ್ದು 79 ಆಗತ್ತೆ, 79 ಅಂದ್ರೆ ಚಿನ್ನ.

ನನ್ನನ್ನ ಕೇಳಿದ್ರೆ ಆ ಹುಡುಗಿ ದೊಡ್ಡೋಳಾಗೋಷ್ಟರಲ್ಲಿ ಮನೆ ಬಾಗಿಲಿಗೆ ಬರೋ ಮಾಯೆ ಇದ್ಯಾವುದೂ ಅಲ್ಲ, ಬಾಯಿ ಬಿಡದೆ ಮಾತಾಡೋದು. ಘಾಟ್ಕೋಪರ್‌ನಲ್ಲಿದ್ದ ನಮ್ಮ ಭಾವ ಲಕ್ವ ಹೊಡೆದು ಎರಡು ವರ್ಷ ಮಲಗಿದ್ರು. ಬುದ್ಧಿ ಪೂರ್ತಿ ನೆಟ್ಟಗಿತ್ತು, ನಾಲಿಗೆ ಏಳ್ತಿರ್ಲಿಲ್ಲ, ಕೈಯೂ ಇಲ್ಲ. ಅಕ್ಕ ಹಳೇ ಕ್ಯಾಲೆಂಡರ್ ಹಿಂದೆ ದಪ್ಪಕ್ಷರದಲ್ಲಿ ಅ ಆ ಇ ಈ ಬರೆದು ಒಂದೊಂದೇ ಅಕ್ಷರದ ಮೇಲೆ ಬೆರಳಿಡ್ತಿದ್ಲು, ಅವರು ಬೇಕಾದ ಅಕ್ಷರ ಬಂದಾಗ ಕಣ್ಣು ಮುಚ್ಚೋರು. "ಕಿಟಕಿ" ಅನ್ನೋಕೆ ಐದು ನಿಮಿಷ. ಕಿಟಕಿ ತೆಗೀಬೇಕಾ ಹಾಕ್ಬೇಕಾ ಅಂತ ಕೇಳೋಕೆ ಮತ್ತೆ ಐದು ನಿಮಿಷ. 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಥರ ಲಕ್ವದಿಂದ 18 ವರ್ಷ ಮಾತಿಲ್ಲದೇ ಇದ್ದ ಒಬ್ಬ ಹೆಣ್ಣುಮಗಳ ಮೆದುಳಿನ ಮೇಲೆ 253 ಎಲೆಕ್ಟ್ರೋಡ್ ಇರೋ ಹಾಳೆಯಂಥದ್ದೊಂದನ್ನ ಇಟ್ರು. ಅವಳು ಮಾತಾಡೋ ಪ್ರಯತ್ನ ಮಾಡ್ತಾಳೆ, ತುಟಿ ಅಲ್ಲಾಡಿಸು ಅಂತ ಮೆದುಳು ಕೊಡೋ ಅಪ್ಪಣೆಯನ್ನ ಕಂಪ್ಯೂಟರ್ ಓದಿ ನಿಮಿಷಕ್ಕೆ ಸುಮಾರು 78 ಪದ ಹೇಳತ್ತೆ. ಹೇಳೋದು ಅವಳದೇ ದನಿಯಲ್ಲಿ, ಮದುವೆ ವಿಡಿಯೋದಲ್ಲಿ ಅವಳು ಮಾತಾಡಿದ್ದನ್ನ ಇಟ್ಕೊಂಡು ಆ ದನಿ ಕಟ್ಟಿದ್ದು. ನಾನು ಇದನ್ನ ಓದಿದ ದಿನ ಅಕ್ಕನಿಗೆ ಫೋನ್ ಮಾಡಿದೆ, ಅವಳು ಬಹಳ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಆ ಕ್ಯಾಲೆಂಡರ್ ಇನ್ನೂ ಇದೆ ಕಣೋ" ಅಂದ್ಲು.

ಈಗ ನಿಮ್ಮ "ಹಿರಿಯರ ಹತ್ರ ಇತ್ತು" ಅನ್ನೋ ಮಾತು. ಇದನ್ನ ಒಪ್ಪೋಕೆ ಆಗಲ್ಲ ರಾಯರೇ, ನಿಮ್ಮ ಮೇಲಿನ ಗೌರವ ಇಟ್ಕೊಂಡೇ ಹೇಳ್ತೀನಿ. ಪ್ರಾಚೀನ ವಿಮಾನಗಳ ವಿವರ ಇದೆ ಅಂತ ಹೇಳೋ ಸಂಸ್ಕೃತ ಪುಸ್ತಕ ವೈಮಾನಿಕ ಶಾಸ್ತ್ರದ ಹೆಸರು ಬರೆದಿದ್ದೀರಿ, 2015ರ ಜನವರಿಯಲ್ಲಿ ನಮ್ಮ ಕಲೀನಾದಲ್ಲೇ ನಡೆದ ಸೈನ್ಸ್ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನದ ಬಗ್ಗೆ ಭಾಷಣ ಆಯ್ತು ಅಂತಾನೂ ಬರೆದಿದ್ದೀರಿ. ಭಾಷಣ ಆಗಿದ್ದು ನಿಜ. ಆದ್ರೆ 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಅವರ ನಾಲ್ವರು ಜೊತೆಗಾರರು ಆ ಪುಸ್ತಕವನ್ನ ಕೂತು ಓದಿ, ಅದರ ಸಂಸ್ಕೃತ ಎಷ್ಟು ಹಳೇದು ನೋಡಿ, ಅದು ಎಲ್ಲಿಂದ ಬಂತು ಅಂತ ವಿಚಾರಿಸಿ, ಅದರಲ್ಲಿರೋ ವಿಮಾನ ಹಾರತ್ತಾ ಅಂತ ಲೆಕ್ಕ ಹಾಕಿ ಬರೆದ್ರು: ಅದು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ ಬಂದಿದ್ದು, 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿ ಹೇಳಿರೋ ವಿಮಾನ ಯಾವುದೂ ಹಾರಲ್ಲ. ಐದು ಜನ ಎಂಜಿನಿಯರುಗಳು ಒಂದು ಪುಸ್ತಕವನ್ನ ಇಷ್ಟು ಶ್ರದ್ಧೆಯಿಂದ ತೂಗಿ ನೋಡಿದ್ರಲ್ಲ, ಹಿರಿಯರ ಮಾತಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಗೊತ್ತಿಲ್ಲ. ನಮ್ಮ ಹಿರಿಯರ ಹತ್ರ ಇದ್ದಿದ್ದು ಆಸೆ, ಅದೂ ಎಂಥಾ ಆಸೆ, ಗೋಡೆಯಾಚೆ ನೋಡ್ಬೇಕು, ಸತ್ತವರ ದನಿ ಕೇಳ್ಬೇಕು, ದೂರ ಇರೋರ ಪಕ್ಕದಲ್ಲಿ ಕೂತ್ಕೋಬೇಕು. ಅದನ್ನ ಮೊಮ್ಮಗಳಿಗೆ ಕೊಡಿ, ಪೂರ್ತಿ ಕೊಡಿ. "ಇತ್ತು, ಕಳೆದುಹೋಯ್ತು" ಅಂದುಬಿಟ್ರೆ ಅವಳಿಗೆ ಹುಡುಕೋ ಕೆಲಸ ಬಿಟ್ಟು ಮಾಡೋ ಕೆಲಸ ಏನೂ ಉಳಿಯಲ್ಲ.

ಅಪ್ಪನಿಗೂ ಹೇಳಿ, ಕಥೆಯಿಂದ ಮಗು ತಲೆ ಕೆಡಲ್ಲ.

ಇನ್ನು ನಾನು ಬಾಕಿ ಇಟ್ಟಿದ್ದ ತೊಡಕು. ಇದನ್ನ ನೀವೇ ಓದ್ಕೊಳ್ಳಿ, ಅವಳಿಗೆ ಈಗಲೇ ಹೇಳ್ಬೇಡಿ. ಕಣ್ಣಿಗೆ ಕಾಣ್ಬೇಕಂದ್ರೆ ಬೆಳಕು ಕಣ್ಣೊಳಗೆ ಬಂದು ಅಲ್ಲೇ ನಿಲ್ಬೇಕು. ಬೆಳಕೆಲ್ಲಾ ಮೈ ಬಳಸಿಕೊಂಡು ಹೋಗ್ಬಿಟ್ರೆ ರಾಜಕುಮಾರ ಯಾರಿಗೂ ಕಾಣಲ್ಲ, ಅವನಿಗೂ ಏನೂ ಕಾಣಲ್ಲ, ಕಗ್ಗತ್ತಲು. ಅವನಿಗೆ ಕಾಣ್ಲಿ ಅಂತ ಕಣ್ಣಿಗೆ ಮಾತ್ರ ಬೆಳಕು ಬಿಟ್ರೆ ಗಾಳೀಲಿ ಎರಡು ಕಪ್ಪು ಚುಕ್ಕಿ ತೇಲ್ತಾ ಹೋಗೋದು ಕಾವಲುಗಾರರಿಗೆ ಕಾಣತ್ತೆ. ಇವತ್ತು ರಾತ್ರಿ ಕಥೆ ಹೇಳೋವಾಗ, ಗುಳಿಗೆ ಬಾಯಲ್ಲಿಟ್ಟು ಅರಮನೆ ಒಳಗೆ ಕಾಲಿಡೋ ಜಾಗದಲ್ಲಿ ನಿಲ್ಲಿಸಿ, "ಈಗ ಇವನಿಗೆ ದಾರಿ ಹೇಗೆ ಕಾಣತ್ತೆ ಹೇಳು" ಅಂತ ಕೇಳಿ. ಅವಳು ಏನಂತಾಳೋ ಅದನ್ನ ಅವಳ ಕೈಯಿಂದಲೇ ಬರೆಸಿ ಕಳಿಸಿ, ಕನ್ನಡದಲ್ಲೇ, ಕಾಗುಣಿತ ತಪ್ಪಿದ್ರೂ ತಿದ್ದಬೇಡಿ, ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಅವಳಿಗೆ ಅಂತ ತೆಗೆದಿಟ್ಟಿದ್ದೀನಿ.

ಸಂಪಾದಕ